ಸೆಕೆಯ ನಾಡಿನಲ್ಲಿ ನಿಮ್ಮ ನೆಚ್ಚಿನ ಜೋಡಿ ತಿನಿಸು ಯಾವುದು? ಎರಡೇ ಪದಾರ್ಥ ಸಾಕು

ತುಂಗೆ ದಡದವಳು, ಪೆಟಾಲಿಂಗ್ ಜಯ
ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಾನು ಮಲೇಷ್ಯಾಕ್ಕೆ ಬಂದು 9 ವರ್ಷ ಆಯ್ತು. ಊರು ತೀರ್ಥಹಳ್ಳಿ ಕಡೆ. ಇಲ್ಲಿನ ಹವೆ ನಿಮಗೆಲ್ಲ ಗೊತ್ತೇ ಇದೆ. ಮಧ್ಯಾಹ್ನ 32–33 ಡಿಗ್ರಿ, ಸಂಜೆ ಗುಡುಗಿನ ಮಳೆ, ರಾತ್ರಿ ಮತ್ತೆ ಬೆವರು. ಹನ್ನೆರಡು ತಿಂಗಳೂ ಹೀಗೇ. ಈ ಸೆಕೆಯಲ್ಲಿ ಒಲೆ ಮುಂದೆ ಗಂಟೆಗಟ್ಟಲೆ ನಿಲ್ಲಲು ಮನಸ್ಸೇ ಬರುವುದಿಲ್ಲ. ಆದರೆ ಬಾಯಿಗೆ ರುಚಿ ಬೇಕೇ ಬೇಕು, ಅಲ್ವಾ?

ಅದಕ್ಕೇ ಕೇಳುತ್ತಿದ್ದೇನೆ. ಎರಡು ಪದಾರ್ಥ ಸೇರಿದರೆ ಸಾಕು, ಜಾಸ್ತಿ ಅಂದರೆ ಮೂರು, ಅಂಥ ನಿಮ್ಮ ಇಷ್ಟದ ಜೋಡಿ ಯಾವುದು? ಇಡ್ಲಿ–ಚಟ್ನಿ, ಚಪಾತಿ–ಪಲ್ಯ ಬೇಡ. ಇಲ್ಲಿಗೆ ಬಂದ ಮೇಲೆ ರುಚಿ ಹತ್ತಿದ್ದು, ಇಲ್ಲಿನ ಸಂತೆಯಲ್ಲೇ ಸಿಗುವಂಥದ್ದು ಹೇಳಿ.

ಮೊದಲು ನನ್ನದು. ಪೇರಲೆ ಮತ್ತು ಆಸಾಮ್ ಬೋಯ್ ಪುಡಿ.

ನಮ್ಮ ಆಫೀಸಿನ ಹಿಂದೆ ಒಂದು ಹಣ್ಣಿನ ಗಾಡಿ ನಿಲ್ಲುತ್ತದೆ. ಗಾಜಿನ ಪೆಟ್ಟಿಗೆ, ಒಳಗೆ ಐಸಿನ ಮೇಲೆ ಕಲ್ಲಂಗಡಿ, ಅನಾನಸ್, ಪಪ್ಪಾಯಿ, ಪೇರಲೆ. ಇಲ್ಲಿ ಪೇರಲೆಗೆ ಜಾಂಬು ಬಾತು ಅನ್ನುತ್ತಾರೆ. ನಮ್ಮೂರ ಪೇರಲೆಯ ಹಾಗೆ ಮೆತ್ತಗೆ, ಘಮ್ ಅನ್ನುವ ಹಣ್ಣಲ್ಲ. ಎರಡು ಮುಷ್ಟಿ ಗಾತ್ರದ್ದು, ಒಳಗೆಲ್ಲ ಬಿಳಿ, ಕಚ್ಚಿದರೆ ಕರಕರ. ಸಿಹಿ ಕಡಿಮೆ. ಗಾಡಿಯವರು ಅದನ್ನು ದಪ್ಪ ಹೋಳು ಮಾಡಿ ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಾರೆ. ಮೇಲೆ ಕಂದು ಕೆಂಪಿನ ಪುಡಿ ಉದುರಿಸಿ, ಚೀಲದ ಬಾಯಿ ಹಿಡಿದು ಎರಡು ಸಲ ಕುಲುಕುತ್ತಾರೆ. ಉದ್ದನೆಯ ಬಿದಿರು ಕಡ್ಡಿ ಸಿಗಿಸಿ ಕೊಡುತ್ತಾರೆ. ಉಪ್ಪು ಹಾಕಿ ಒಣಗಿಸಿದ ಪ್ಲಮ್ ಹಣ್ಣಿನ ಪುಡಿ ಅದು. ಮೊದಲು ಉಪ್ಪು, ಆಮೇಲೆ ಹುಳಿ, ಕೊನೆಗೆ ಸಣ್ಣ ಸಿಹಿ. ಆಮೇಲೆ ಪೇರಲೆಯ ತಂಪು ನೀರು ಬಾಯಿ ತುಂಬುತ್ತದೆ.

ಮೊದಲ ಸಲ ತಿಂದಾಗ ನನಗೆ ಶಾಲೆಯ ಗೇಟು ನೆನಪಾಯಿತು. ಉಪ್ಪು–ಖಾರ ಹಚ್ಚಿದ ಗಿಣಿಮೂತಿ ಮಾವಿನಕಾಯಿ. ಹಣ್ಣು ಬೇರೆ, ಪುಡಿ ಬೇರೆ, ಆದರೆ ನಾಲಿಗೆಯ ಮೇಲೆ ಆಗುವ ಕೆಲಸ ಅದೇ. ಉಪ್ಪು ಬಿದ್ದರೆ ಹಣ್ಣಿನ ಕಹಿ, ಒಗರು ಹಿಂದೆ ಸರಿದು ಸಿಹಿ ಮುಂದೆ ಬರುತ್ತದೆ. ಬೆವರಿ ಸುಸ್ತಾದ ಮೈಗೂ ಆ ಉಪ್ಪು ಹಿತ.

ಬಂದ ಮೊದಲ ಎರಡು ವರ್ಷ ನಾನು ಊರಿನ ಅಡುಗೆಯನ್ನೇ ಇಲ್ಲಿ ಮಾಡಲು ಒದ್ದಾಡಿದೆ. ಪ್ರತಿ ಸಲ ಏನೋ ಒಂದು ಸಿಗುತ್ತಿರಲಿಲ್ಲ. ಪ್ರತಿ ಸಲ ಬೇಜಾರು. ಆಮೇಲೆ ಗೊತ್ತಾಯಿತು, ಊರಿನ ಪದಾರ್ಥ ಹುಡುಕುವುದಲ್ಲ, ಊರಿನ ಜೋಡಿ ಹುಡುಕಬೇಕು. ಹುಳಿ ಜೊತೆ ಉಪ್ಪು, ತೆಂಗಿನ ಜೊತೆ ಬೆಲ್ಲ, ಗಂಜಿ ಜೊತೆ ಖಾರ. ಅವು ಇಲ್ಲೂ ಇವೆ, ಬೇರೆ ಹೆಸರಿನಲ್ಲಿ. ಈಗ ನೀವು ಹೇಳಿ.

ಕೋಡಿ ಕಡಲು, ಪಿನಾಂಗ್
ಶನಿವಾರ ಬೆಳಿಗ್ಗೆ

ಅಕ್ಕಾ, ಗಂಜಿ ಅಂತ ನೀವು ಹೇಳಿದ್ದಕ್ಕೇ ಬರೆಯುತ್ತಿದ್ದೇನೆ. ನಾನು ಕುಂದಾಪುರದವನು. ನಮಗೆ ಗಂಜಿ ಅಂದರೆ ಜ್ವರ ಬಂದವರ ಊಟ ಅಲ್ಲ, ದಿನದ ಊಟ. ಕುಚ್ಚಲಕ್ಕಿ ಗಂಜಿ, ಪಕ್ಕದಲ್ಲಿ ಒಣ ಸಿಗಡಿ ಚಟ್ನಿ. ನಮ್ಮ ಕಡೆ ಸಿಗಡಿಗೆ ಚಟ್ಲಿ ಅಂತೇವೆ. ಇಷ್ಟಿದ್ದರೆ ಬೇರೇನೂ ಬೇಡ.

ಪಿನಾಂಗ್‌ಗೆ ಬಂದ ಹೊಸದರಲ್ಲಿ ನಾನು ಒಂದು ರಾತ್ರಿ ತಿಯೋಚ್ಯೂ ಚೀನೀಯರ ಗಂಜಿ ಅಂಗಡಿ ಮುಂದೆ ನಿಂತುಬಿಟ್ಟೆ. ದೊಡ್ಡ ಪಾತ್ರೆಯಲ್ಲಿ ಗಂಜಿ. ಅನ್ನದ ಅಗುಳು ಬೇರೆ, ತಿಳಿ ಬೇರೆ, ನಮ್ಮದರ ಹಾಗೇ. ಮುಂದೆ ಚಿಕ್ಕ ಚಿಕ್ಕ ತಟ್ಟೆಗಳಲ್ಲಿ ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು, ಹುರಿದ ಶೇಂಗಾ, ಒಣ ಮೀನು, ಉಪ್ಪು ಮೊಟ್ಟೆ. ಬೇಕಾದ್ದನ್ನು ಬೆರಳು ತೋರಿಸಿದರೆ ಸಾಕು.

ನನ್ನ ಜೋಡಿ ಗಂಜಿ ಮತ್ತು ಉಪ್ಪು ಮೊಟ್ಟೆ. ಬಾತುಕೋಳಿಯ ಮೊಟ್ಟೆಯನ್ನು ವಾರಗಟ್ಟಲೆ ಉಪ್ಪಿನಲ್ಲಿ ಇಟ್ಟು ಬೇಯಿಸಿದ್ದು. ಸಿಪ್ಪೆ ಸಮೇತ ಉದ್ದಕ್ಕೆ ಎರಡು ಹೋಳು ಮಾಡಿ ಕೊಡುತ್ತಾರೆ. ಬಿಳಿ ಭಾಗ ತುಂಬಾ ಉಪ್ಪು. ಹಳದಿ ಮಾತ್ರ ಕಿತ್ತಳೆ ಬಣ್ಣ, ಎಣ್ಣೆ ಜಿನುಗುತ್ತಿರುತ್ತದೆ, ಮರಳು ಮರಳಾಗಿ ಇರುತ್ತದೆ. ಚಮಚದ ತುದಿಯಲ್ಲಿ ಕಡಲೆಕಾಳಿನಷ್ಟು ತೆಗೆದು, ಬಿಸಿ ಗಂಜಿ ಜೊತೆ ಬಾಯಿಗಿಡಬೇಕು. ಒಂದೇ ಮೊಟ್ಟೆಗೆ ಎರಡು ಬಟ್ಟಲು ಗಂಜಿ ಹೋಗುತ್ತದೆ. ಗಂಜಿ ತಿಳಿ ಕುಡಿದಾದ ಮೇಲೆ ಮೈ ಬೆವರಿ ತಣ್ಣಗಾಗುತ್ತದೆ. ಸೆಕೆಗೆ ಫ್ಯಾನಿಗಿಂತ ಇದು ಒಳ್ಳೆಯದು ಅನ್ನುತ್ತೇನೆ ನಾನು.

ಹೊಸದಾಗಿ ಬಂದವನು, ಸೈಬರ್‌ಜಯ
ಶನಿವಾರ ಮಧ್ಯಾಹ್ನ

ಎಲ್ಲ ಓದಿದೆ. ತುಂಬಾ ಆಸೆಯೂ ಆಯಿತು, ಬೇಜಾರೂ ಆಯಿತು. ನಾನು ಬಂದು ನಾಲ್ಕು ತಿಂಗಳು. ಸಸ್ಯಾಹಾರಿ. ಹೋದ ತಿಂಗಳು ಒಂದು ಅಂಗಡಿಯಲ್ಲಿ ಬರೀ ತರಕಾರಿ ಅಂತ ಕೇಳಿ ತೆಗೆದುಕೊಂಡೆ. ಸೊಪ್ಪಿನ ಪಲ್ಯ. ಅರ್ಧ ತಿಂದ ಮೇಲೆ ವಾಸನೆ ಅನುಮಾನ ಬಂತು. ಕೇಳಿದರೆ ಸಿಗಡಿ ಹಾಕಿದ್ದೇವೆ ಅಂದರು. ಅವರ ತಪ್ಪಲ್ಲ, ಅವರಿಗೆ ಅದು ಮಸಾಲೆ ಅಷ್ಟೇ. ಆದರೆ ನನಗೆ ಎರಡು ದಿನ ಊಟ ಸೇರಲಿಲ್ಲ. ಆವತ್ತಿನಿಂದ ಮೊಸರನ್ನ, ಉಪ್ಪಿನಕಾಯಿ, ಮತ್ತೆ ಮೊಸರನ್ನ. ನನ್ನಂಥವರಿಗೆ ಇಲ್ಲಿ ಜೋಡಿ ಏನಾದರೂ ಇದೆಯಾ?

ತುಂಗೆ ದಡದವಳು, ಪೆಟಾಲಿಂಗ್ ಜಯ
ಶನಿವಾರ ಮಧ್ಯಾಹ್ನ

ಇದೆ ತಮ್ಮಾ, ಬೇಕಾದಷ್ಟಿದೆ. ನಾನೂ ಮೀನು, ಮಾಂಸ ತಿನ್ನುವುದಿಲ್ಲ. ನಿಮಗೆ ಆಗಿದ್ದು ಇಲ್ಲಿ ಬಂದ ಸಸ್ಯಾಹಾರಿಗಳಿಗೆಲ್ಲ ಒಂದು ಸಲ ಆಗಿರುತ್ತದೆ. ಅದರ ಹೆಸರು ಬೆಲಾಚಾನ್. ಸಣ್ಣ ಸಿಗಡಿಯನ್ನು ಉಪ್ಪು ಹಾಕಿ, ಹುಳಿ ಬರಿಸಿ, ಒಣಗಿಸಿ ಮಾಡಿದ ಅಚ್ಚು. ಸಾಂಬಾಲ್ ಎಂಬ ಮೆಣಸಿನ ಚಟ್ನಿಯಲ್ಲಿ ಬಹಳ ಸಲ ಅದೇ ಇರುತ್ತದೆ. ಹರಿವೆ, ಕಾಂಗ್‌ಕುಂಗ್ ಸೊಪ್ಪಿನ ಪಲ್ಯದಲ್ಲೂ ಇರುತ್ತದೆ. ‘ವೆಜಿಟೇರಿಯನ್’ ಅಂದರೆ ಸಾಲದು. ‘ತಾಕ್ ಮಾವು ಬೆಲಾಚಾನ್, ತಾಕ್ ಮಾವು ಊದಾಂಗ್, ತಾಕ್ ಮಾವು ಈಕಾನ್’ ಅಂತ ಬಿಡಿಸಿ ಹೇಳಿ. ಬೆಲಾಚಾನ್ ಬೇಡ, ಸಿಗಡಿ ಬೇಡ, ಮೀನು ಬೇಡ ಅಂತ ಅರ್ಥ. ಹೀಗೆ ಹೇಳಿದರೆ ಅವರೇ ಯೋಚಿಸಿ ಯಾವುದು ಆಗುತ್ತದೆ ಅಂತ ತೋರಿಸುತ್ತಾರೆ. ಚೀನೀ ಬೌದ್ಧರ ಸಸ್ಯಾಹಾರಿ ಅಂಗಡಿಗಳೂ ಇವೆ. ಅಲ್ಲಿ ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.

ಈಗ ಜೋಡಿ. ಟೆಂಪೆ ಮತ್ತು ಕಿಚಾಪ್ ಮಾನಿಸ್. ಟೆಂಪೆ ಜಾವಾ ದ್ವೀಪದ್ದು. ಬೇಯಿಸಿದ ಸೋಯಾ ಕಾಳನ್ನು ಒಂದು ಬಗೆಯ ಬೂಷ್ಟಿನಿಂದ ಹುದುಗಿಸಿದಾಗ ಕಾಳೆಲ್ಲ ಒಂದಕ್ಕೊಂದು ಅಂಟಿ ಬಿಳಿ ಇಟ್ಟಿಗೆಯ ಹಾಗೆ ಆಗುತ್ತದೆ. ಸಂತೆಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿ ಮಾರುವವರು ಈಗಲೂ ಇದ್ದಾರೆ. ಎಲೆ ಬಿಚ್ಚಿದರೆ ಅಣಬೆಯಂಥ ವಾಸನೆ. ತೆಳ್ಳಗೆ ಹೆಚ್ಚಿ, ಉಪ್ಪು–ಅರಿಶಿನ ಸವರಿ, ಕಾವಲಿಯ ಮೇಲೆ ಎರಡೂ ಬದಿ ಕೆಂಪಗೆ ಕಾಯಿಸಿ. ಹತ್ತೇ ನಿಮಿಷ. ಕಿಚಾಪ್ ಮಾನಿಸ್ ಅಂದರೆ ಬೆಲ್ಲ ಹಾಕಿದ ಗಟ್ಟಿ ಸೋಯಾ ಸಾಸ್. ಅದಕ್ಕೆ ಒಂದು ಹಸಿಮೆಣಸು, ನಾಲ್ಕು ಹನಿ ಲಿಮಾವ್ ಕಸ್ತೂರಿ ರಸ. ಗೋಲಿ ಗಾತ್ರದ ಆ ನಿಂಬೆ ಇದೆಯಲ್ಲ, ಅದು. ಬಿಸಿ ಅನ್ನದ ಜೊತೆ ಇದನ್ನು ತಿಂದು ನೋಡಿ, ಆಮೇಲೆ ಬರೆಯಿರಿ.

ಬೆಣ್ಣೆಹಳ್ಳ, ಜೋಹೋರ್ ಬಾರು
ಶನಿವಾರ ಸಂಜೆ

ಅಕ್ಕಾರೇ, ಭಾಳ ಚಲೋ ವಿಷಯ ತೆಗೆದಿದ್ದೀರಿ. ನಾವು ಧಾರವಾಡ ಕಡೆಯವರು. ಸಂಜೆ ಮಳೆ ಬಂದರೆ ನಮಗೆ ಮಿರ್ಚಿ–ಮಂಡಕ್ಕಿ ಬೇಕು. ಇಲ್ಲಿ ಜೋಹೋರ್‌ನಲ್ಲಿ ದಿನಾ ಸಂಜೆ ಮಳೆ. ಮಂಡಕ್ಕಿ ತಂದರೆ ಎರಡು ದಿನದಲ್ಲಿ ಮೆತ್ತಗೆ. ಈ ಹವೆಗೆ ಅದು ತಡೆಯುವುದಿಲ್ಲ.

ಆದರೆ ಜೋಹೋರ್‌ನವರದ್ದೇ ಒಂದು ಜೋಡಿ ಇದೆ. ಪೀಸಾಂಗ್ ಗೋರೆಂಗ್ ಮತ್ತು ಸಾಂಬಾಲ್ ಕಿಚಾಪ್. ಬಾಳೆಹಣ್ಣಿನ ಬಜ್ಜಿಗೆ ಖಾರದ ಸಾಸ್. ದೇಶದ ಬೇರೆ ಕಡೆಯವರು ಮೊದಲು ಇದನ್ನು ನೋಡಿದಾಗ ಸಿಹಿ ಬಜ್ಜಿಗೆ ಖಾರ ಯಾಕೆ ಅಂತ ಕೇಳುತ್ತಿದ್ದರು. ಈಗ ಎಲ್ಲ ಕಡೆ ಹಬ್ಬುತ್ತಿದೆ.

ನಮ್ಮ ಮನೆ ಹತ್ತಿರದ ಮಕ್‌ಚಿಕ್, ಅಂದರೆ ಚಿಕ್ಕಮ್ಮನ ವಯಸ್ಸಿನ ಹೆಂಗಸು, ಮಾಡುವುದನ್ನು ನಾನು ನಿಂತು ನೋಡಿದ್ದೇನೆ. ಚೆನ್ನಾಗಿ ಕಳಿತ ಹಣ್ಣೇ ಬೇಕು, ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಿರಬೇಕು. ಉದ್ದಕ್ಕೆ ಸೀಳುತ್ತಾರೆ. ಮೈದಾ, ಅಕ್ಕಿ ಹಿಟ್ಟು ಕಲಸಿದ ಹಿಟ್ಟಿನಲ್ಲಿ ಅದ್ದಿ ದೊಡ್ಡ ಬಾಣಲೆಗೆ ಬಿಡುತ್ತಾರೆ. ಕೈಯಲ್ಲೇ ಇನ್ನೊಂದಿಷ್ಟು ಹಿಟ್ಟನ್ನು ಎಣ್ಣೆ ಮೇಲೆ ಚಿಮುಕಿಸುತ್ತಾರೆ. ಅದು ಬಲೆ ಬಲೆಯಾಗಿ ಎದ್ದು ಬಜ್ಜಿಗೆ ಹತ್ತಿಕೊಳ್ಳುತ್ತದೆ. ತಿನ್ನುವಾಗ ಗರಿಗರಿ ಅನ್ನುವುದು ಆ ಬಲೆಯೇ. ಸಾಸಿಗೆ ಚಿಲಿ ಪಾಡಿ, ಅಂದರೆ ನಮ್ಮ ಸೂಜಿಮೆಣಸಿನಂಥದ್ದು, ಬೆಳ್ಳುಳ್ಳಿ, ಸಕ್ಕರೆ, ಹುಣಸೆ ರಸ, ಕಿಚಾಪ್. ಕೆಲವರು ಬೆಲಾಚಾನ್ ಹಾಕುತ್ತಾರೆ, ಸೈಬರ್‌ಜಯದ ತಮ್ಮ ಕೇಳಿಯೇ ತಿನ್ನಬೇಕು. ನಾನು ಮನೆಯಲ್ಲೇ ಬೆಲಾಚಾನ್ ಇಲ್ಲದೆ ಮಾಡಿಕೊಳ್ಳುತ್ತೇನೆ.

ಒಂದು ತುತ್ತಿನಲ್ಲಿ ಬಿಸಿ, ಸಿಹಿ, ಖಾರ, ಹುಳಿ ನಾಲ್ಕೂ. ಹೊರಗೆ ಮಳೆ. ಮಿರ್ಚಿ–ಮಂಡಕ್ಕಿಯ ಜಾಗ ತುಂಬಿದೆ ಅಂತ ಎದೆ ಮುಟ್ಟಿ ಹೇಳುತ್ತೇನೆ.

ಕಾವೇರಿ ಬಯಲು, ಶಾ ಆಲಂ
ಶನಿವಾರ ರಾತ್ರಿ

ಎಲ್ಲರೂ ನಾಸಿ ಲೆಮಾಕ್ ಬಗ್ಗೆ ಯಾಕೆ ಬರೆಯಲಿಲ್ಲ ಅಂತ ನೋಡುತ್ತಿದ್ದೆ. ತೆಂಗಿನ ಹಾಲಲ್ಲಿ ಪಾಂಡಾನ್ ಎಲೆ ಹಾಕಿ ಬೇಯಿಸಿದ ಅನ್ನ, ಸಾಂಬಾಲ್, ಶೇಂಗಾ, ಸೌತೆಕಾಯಿ, ಮೊಟ್ಟೆ, ಹುರಿದ ಸಣ್ಣ ಮೀನು. ರುಚಿ ಇಲ್ಲ ಅನ್ನುವುದಿಲ್ಲ. ಆದರೆ ನನಗೆ ಬೆಳಿಗ್ಗೆ ಅದು ತುಂಬಾ ಭಾರ. ಹತ್ತು ಗಂಟೆಗೆ ಕಣ್ಣು ಎಳೆಯುತ್ತದೆ. ನಾನು ಫ್ಯಾಕ್ಟರಿಯಲ್ಲಿ ನಿಂತು ಕೆಲಸ ಮಾಡುವವನು. ನನಗೆ ರಾಗಿ ಅಂಬಲಿ, ಮಜ್ಜಿಗೆ, ಹಸಿ ಈರುಳ್ಳಿ. ರಾಗಿ ಹಿಟ್ಟು ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್ ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲಿನ ಸೆಕೆಗೆ ರಾತ್ರಿ ಕಲಸಿಟ್ಟರೆ ಬೆಳಿಗ್ಗೆ ಹದವಾಗಿ ಹುಳಿ ಬಂದಿರುತ್ತದೆ. ಮಂಡ್ಯದ ಚಳಿಯಲ್ಲಿ ಇಷ್ಟು ಬೇಗ ಬರುವುದಿಲ್ಲ.

ಇಲ್ಲಿನದೇ ಬೇಕು ಅಂದಿರಲ್ಲ ಅಕ್ಕಾ, ಹೇಳುತ್ತೇನೆ. ಡುರಿಯನ್ ಮತ್ತು ಮ್ಯಾಂಗೊಸ್ಟೀನ್. ಎರಡೂ ಹಣ್ಣು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬರುತ್ತವೆ, ಜೂನ್–ಜುಲೈ–ಆಗಸ್ಟ್‌ನಲ್ಲಿ ಜೋರು. ಡುರಿಯನ್ ಉಷ್ಣ, ಮ್ಯಾಂಗೊಸ್ಟೀನ್ ತಂಪು, ಎರಡನ್ನೂ ಜೊತೆಗೆ ತಿನ್ನಬೇಕು ಅಂತ ಇಲ್ಲಿನ ಚೀನೀಯರು ಹೇಳುತ್ತಾರೆ. ನಮ್ಮಜ್ಜಿ ಹಲಸಿಗೂ ಮಾವಿಗೂ ಹೇಳುತ್ತಿದ್ದ ಲೆಕ್ಕವೇ ಇದು. ಹಸಿದು ಹಲಸು, ಉಂಡು ಮಾವು.

ಮುಸಾಂಗ್ ಕಿಂಗ್ ತಳಿ ಒಳ್ಳೆಯದು, ಡಿ197 ಅಂತ ಬರೆದಿರುತ್ತದೆ. ತೊಳೆ ಅರಿಶಿನದ ಬಣ್ಣ, ಬೆಣ್ಣೆಯಷ್ಟು ಮೆತ್ತಗೆ, ಕೊನೆಗೆ ಸಣ್ಣ ಕಹಿ. ಎರಡು ತೊಳೆ ತಿಂದ ಮೇಲೆ ಬಾಯೆಲ್ಲ ಗಟ್ಟಿ. ಆಗ ಮ್ಯಾಂಗೊಸ್ಟೀನ್‌ನ ದಪ್ಪ ನೇರಳೆ ಸಿಪ್ಪೆಯನ್ನು ಎರಡು ಅಂಗೈ ನಡುವೆ ಒತ್ತಿ ಬಿಡಿಸಬೇಕು. ಒಳಗೆ ಬೆಳ್ಳುಳ್ಳಿ ಗಡ್ಡೆಯಂತೆ ಬಿಳಿ ತೊಳೆ, ಸಿಹಿ–ಹುಳಿ ನೀರು. ಬಾಯಿ ತೊಳೆದ ಹಾಗೆ ಆಗುತ್ತದೆ. ಆಮೇಲೆ ಮತ್ತೆ ಡುರಿಯನ್ ತಿನ್ನಬಹುದು. ಸಿಪ್ಪೆಯ ರಸ ಅಂಗಿಗೆ ತಾಗಿಸಬೇಡಿ, ಕಲೆ ಹೋಗುವುದಿಲ್ಲ.

ಕೋಡಿ ಕಡಲು, ಪಿನಾಂಗ್
ಶನಿವಾರ ರಾತ್ರಿ

ಅಣ್ಣಾ, ನಾಸಿ ಲೆಮಾಕ್ ಭಾರ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಾಳೆ ಎಲೆಯಲ್ಲಿ ಕಟ್ಟಿದ ಚಿಕ್ಕ ಪೊಟ್ಟಣ ಸಿಗುತ್ತದಲ್ಲ, ಮುಷ್ಟಿಯಷ್ಟು ಅನ್ನ, ಅದನ್ನು ತಿನ್ನಿ. ನಾಲ್ಕು ತುತ್ತು. ಎಲೆಯ ಬಿಸಿಗೆ ಪಾಂಡಾನ್ ಘಮ ಇನ್ನೂ ಏರಿರುತ್ತದೆ. ಬಾಸುಮತಿಗೆ ಘಮ ಕೊಡುವ ಅಂಶವೇ ಪಾಂಡಾನ್ ಎಲೆಯಲ್ಲೂ ಇರುವುದು, ಅದಕ್ಕೇ ಅನ್ನದ ಜೊತೆ ಅಷ್ಟು ಹೊಂದುತ್ತದೆ. ಡುರಿಯನ್–ಮ್ಯಾಂಗೊಸ್ಟೀನ್‌ಗೆ ಮಾತ್ರ ನನ್ನದೂ ಪೂರ್ತಿ ಒಪ್ಪಿಗೆ.

ಅಡಿಕೆ ಅಂಗಳ, ಶಿರಸಿ
ಭಾನುವಾರ ಬೆಳಿಗ್ಗೆ

ನಾನು ಅಲ್ಲಿರುವವಳಲ್ಲ. ಮಗಳು ಕೌಲಾಲಂಪುರದಲ್ಲಿದ್ದಾಳೆ, ಹೋದ ವರ್ಷ ಎರಡು ತಿಂಗಳು ಇದ್ದು ಬಂದೆ. ನಿಮ್ಮ ಮಾತು ಓದಿ ಸುಮ್ಮನಿರಲು ಆಗಲಿಲ್ಲ.

ಮೊದಲ ವಾರ ಮಗಳು ಸಂತೆಗೆ ಕರೆದುಕೊಂಡು ಹೋದಳು. ಒಬ್ಬ ಹೆಂಗಸು ಕೆಳಗೆ ಹಾಳೆ ಹಾಸಿ ಸೊಪ್ಪು ಇಟ್ಟುಕೊಂಡಿದ್ದಳು. ನೋಡಿದರೆ ನಮ್ಮ ಒಂದೆಲಗ! ಬೇರು ಸಮೇತ ತೊಳೆದು ಕಟ್ಟು ಕಟ್ಟಿ ಇಟ್ಟಿದ್ದಳು. ಎಲೆ ನಮ್ಮದಕ್ಕಿಂತ ಸ್ವಲ್ಪ ದೊಡ್ಡದು. ನಾನು ಅಲ್ಲೇ ಕೂತು ಒಂದು ಎಲೆ ಕಿತ್ತು ಅಗಿದೆ. ಅದೇ ಒಗರು, ಅದೇ ಕಹಿ. ಪೇಗಗಾ ಅಂತ ಹೆಸರು ಹೇಳಿದಳು. ಅವರು ಅದನ್ನು ಹಸಿಯಾಗೇ ಅನ್ನದ ಜೊತೆ ಖಾರ ಚಟ್ನಿ ಮುಟ್ಟಿಸಿ ತಿನ್ನುತ್ತಾರಂತೆ. ಹೀಗೆ ಹಸಿ ಸೊಪ್ಪು ತಿನ್ನುವುದಕ್ಕೆ ಉಲಾಮ್ ಅನ್ನುತ್ತಾರೆ ಅಂತ ಮಗಳು ಹೇಳಿದಳು.

ಮನೆಗೆ ತಂದು ತಂಬುಳಿ ಮಾಡಿದೆ. ತಮ್ಮಾ, ಮೊಸರನ್ನವೇ ಗತಿ ಅಂದೆಯಲ್ಲ, ನಿನಗೇ ಹೇಳುತ್ತಿದ್ದೇನೆ. ಒಂದು ಹಿಡಿ ಒಂದೆಲಗ ಬೇರು, ದಂಟು ಸಮೇತ. ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು ತುಪ್ಪದಲ್ಲಿ ಹುರಿದುಕೋ. ಎರಡು ಚಮಚ ಕಾಯಿತುರಿ ಹಾಕಿ ಎಲ್ಲ ನುಣ್ಣಗೆ ಬೀಸು. ಮಜ್ಜಿಗೆ, ಉಪ್ಪು ಸೇರಿಸು. ಕುದಿಸಬೇಡ. ಕುದಿಸಿದರೆ ಅದು ತಂಬುಳಿಯಲ್ಲ. ಮೇಲೆ ಬೇಕಿದ್ದರೆ ಒಂದು ಒಗ್ಗರಣೆ. ಬಿಸಿ ಅನ್ನ, ತಣ್ಣನೆ ತಂಬುಳಿ. ಆ ಸೆಕೆಯಲ್ಲಿ ಮಗಳು ಎರಡು ಸಲ ಬಡಿಸಿಕೊಂಡು ಉಂಡಳು. ಅಲ್ಲಿಗೆ ಹೋದ ಮೇಲೆ ಅವಳು ಅಷ್ಟು ಉಂಡಿದ್ದು ನಾನು ನೋಡಿರಲಿಲ್ಲ.

ಇನ್ನೊಂದು. ಅಲ್ಲಿನ ಗುಲಾ ಮೆಲಾಕಾ ತುಂಬಾ ಒಳ್ಳೆಯ ಬೆಲ್ಲ. ತೆಂಗಿನ ಹೊಂಬಾಳೆಯ ರಸ ಕಾಸಿ ಮಾಡುತ್ತಾರಂತೆ. ಬಿದಿರಿನ ಅಂಡೆಯಲ್ಲಿ ಹೊಯ್ದ ಹಾಗೆ ಉರುಟಾದ ಅಚ್ಚು. ಸ್ವಲ್ಪ ನೀರು ಹಾಕಿ ಕರಗಿಸಿದರೆ ನಮ್ಮ ಜೋನಿ ಬೆಲ್ಲದ ಹಾಗೇ ಆಗುತ್ತದೆ. ತೆಳ್ಳೇವಿಗೆ ಅದನ್ನೇ ಹಾಕಿಕೊಂಡು ತಿಂದೆವು. ಬರುವಾಗ ನಾಲ್ಕು ಅಚ್ಚು ಕಟ್ಟಿಕೊಂಡು ಬಂದೆ.

ತುಂಗೆ ದಡದವಳು, ಪೆಟಾಲಿಂಗ್ ಜಯ
ಭಾನುವಾರ ಬೆಳಿಗ್ಗೆ

ಅಮ್ಮಾ, ನಿಮ್ಮ ಬರಹ ಓದಿ ಕಣ್ಣು ತುಂಬಿತು. 9 ವರ್ಷದಿಂದ ಪೇಗಗಾ ಕಟ್ಟಿನ ಪಕ್ಕದಲ್ಲೇ ನಡೆದು ಹೋಗಿದ್ದೇನೆ. ಹೆಸರು ಬೇರೆ ಅಂತ ತಿರುಗಿ ನೋಡಿರಲಿಲ್ಲ. ಇವತ್ತೇ ತರುತ್ತೇನೆ.

ಬೆಲ್ಲದ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. ರಾತ್ರಿ ಸಂತೆಯಲ್ಲಿ, ಪಾಸಾರ್ ಮಾಲಾಮ್‌ನಲ್ಲಿ, ಪುಟು ಮಾಯಾಂ ಮಾರುತ್ತಾರೆ. ನಮ್ಮ ಒತ್ತು ಶಾವಿಗೆಯೇ. ತಮಿಳರ ಜೊತೆ ಇಲ್ಲಿಗೆ ಬಂದದ್ದು, ಈಗ ಎಲ್ಲರೂ ತಿನ್ನುತ್ತಾರೆ. ಶಾವಿಗೆ, ಹಸಿ ಕಾಯಿತುರಿ, ಕಂದು ಸಕ್ಕರೆ. ಮೊಟ್ಟೆ ಇಲ್ಲ, ಮೀನು ಇಲ್ಲ. ಸೈಬರ್‌ಜಯದ ತಮ್ಮನಿಗೆ ಇದೂ ಆಗುತ್ತದೆ.

ಗಾಲೆ ಮುಖದವನು, ಕೊಲಂಬೊ
ಭಾನುವಾರ ಮಧ್ಯಾಹ್ನ

ಶ್ರೀಲಂಕಾದಿಂದ ಒಂದು ಮಾತು. ಒಂದೆಲಗಕ್ಕೆ ಇಲ್ಲಿ ಗೊಟುಕೊಳ ಅನ್ನುತ್ತಾರೆ. ಸಣ್ಣಗೆ ಹೆಚ್ಚಿ, ಕಾಯಿತುರಿ, ಈರುಳ್ಳಿ, ಹಸಿಮೆಣಸು, ನಿಂಬೆ ರಸ ಕಲಸಿ ಅನ್ನದ ಪಕ್ಕ ಹಾಕುತ್ತಾರೆ. ಬೆಳಿಗ್ಗೆ ಸೊಪ್ಪಿನ ರಸ, ತೆಂಗಿನ ಹಾಲು ಹಾಕಿದ ಹಸಿರು ಗಂಜಿಯನ್ನೂ ಕುಡಿಯುತ್ತಾರೆ. ಅದರ ಹೆಸರು ಕೊಳ ಕೆಂದ. ಜೊತೆಗೆ ಒಂದು ತುಂಡು ಬೆಲ್ಲ. ಬೆಲ್ಲ ಕಚ್ಚುವುದು, ಗಂಜಿ ಗುಟುಕರಿಸುವುದು. ಊರಲ್ಲಿ ಮನೆಗೆ ಬಂದವರಿಗೆ ಬೆಲ್ಲ–ನೀರು ಕೊಡುತ್ತಿದ್ದದ್ದು ನೆನಪಾಗುತ್ತದೆ. ನಾನು ಪುತ್ತೂರಿನವನು.

ನನ್ನ ದಿನದ ಜೋಡಿ ಬ್ರೆಡ್ ಮತ್ತು ಪೊಳ್ ಸಂಬೋಲ. ಕಾಯಿತುರಿ, ಒಣಮೆಣಸು, ಈರುಳ್ಳಿ, ಉಪ್ಪು, ನಿಂಬೆ ರಸ. ಕಲ್ಲಿನಲ್ಲಿ ಜಜ್ಜಿದರೆ ಕಾಯಿಯ ಎಣ್ಣೆ ಬಿಟ್ಟು ಕೆಂಪಗಾಗುತ್ತದೆ. ಸಸ್ಯಾಹಾರಿಗಳು ಇಲ್ಲೂ ಕೇಳಬೇಕು, ಉಂಬಲಕಡ ಎಂಬ ಒಣ ಮೀನಿನ ಪುಡಿ ಹಾಕುವುದು ವಾಡಿಕೆ.

ಬೇಲದ ಹಣ್ಣನ್ನೂ ಬಿಡುವ ಹಾಗಿಲ್ಲ. ಇಲ್ಲಿ ದಿವುಲ್. ತಿರುಳಿಗೆ ಬೆಲ್ಲ, ತೆಂಗಿನ ಹಾಲು ಹಾಕಿ ಕಿವುಚಿ ಕುಡಿಯುತ್ತಾರೆ. ನಮ್ಮಲ್ಲಿ ಬೇಲದ ಹಣ್ಣಿನ ಪಾನಕ ರಾಮನವಮಿಗೆ, ಇಲ್ಲಿ ಹಣ್ಣು ಇದ್ದಷ್ಟು ದಿನವೂ.

ಹೊಸದಾಗಿ ಬಂದವನು, ಸೈಬರ್‌ಜಯ
ಮುಂದಿನ ಶನಿವಾರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ವಾರ ಮೂರು ಮಾಡಿದೆ.

ಟೆಂಪೆ ಮೊದಲ ಸಲ ದಪ್ಪ ಹೆಚ್ಚಿಬಿಟ್ಟೆ, ಒಳಗೆ ಕಹಿ ಅನ್ನಿಸಿತು. ಎರಡನೇ ಸಲ ತೆಳ್ಳಗೆ ಹೆಚ್ಚಿದೆ. ಆಗ ಗೊತ್ತಾಯಿತು ಅಕ್ಕ ಯಾಕೆ ಅಷ್ಟು ಹೇಳಿದರು ಅಂತ. ಜೊತೆಯಲ್ಲಿರುವ ಇಂಡೋನೇಷ್ಯಾದ ಹುಡುಗ ವಾಸನೆಗೆ ಅಡುಗೆಮನೆಗೆ ಬಂದ. ಅವನ ತಾಯಿ ಹೆಚ್ಚಿದ ಮೇಲೆ ಬೆಳ್ಳುಳ್ಳಿ, ಕೊತ್ತಂಬರಿ ಬೀಜ ಅರೆದ ಉಪ್ಪುನೀರಿನಲ್ಲಿ ಹತ್ತು ನಿಮಿಷ ನೆನೆಸುತ್ತಾರಂತೆ. ಹಾಗೆ ಮಾಡಿದರೆ ಇನ್ನೂ ಚೆನ್ನಾಗಿರುತ್ತದೆ.

ಒಂದೆಲಗದ ತಂಬುಳಿ ಮಾಡಿ ಅಮ್ಮನಿಗೆ ಫೋಟೊ ಕಳಿಸಿದೆ. ಅಮ್ಮ ಫೋನ್ ಮಾಡಿ, ಅಲ್ಲಿ ಈ ಸೊಪ್ಪು ಯಾರು ಕೊಟ್ಟರು ಅಂತ ಎರಡು ಸಲ ಕೇಳಿದರು.

ಮೂರನೆಯದು ಪೀಸಾಂಗ್ ಗೋರೆಂಗ್. ಬಜ್ಜಿ ಅಂಗಡಿಯದ್ದು, ಸಾಸ್ ಮಾತ್ರ ಮನೆಯಲ್ಲಿ ಮಾಡಿಕೊಂಡೆ. ಜಾಸ್ತಿ ಆಗಿ ಒಂದು ಬಾಟಲಿ ಉಳಿದಿದೆ. ಬೆಣ್ಣೆಹಳ್ಳ ಅಣ್ಣಾ, ಅದು ಎಷ್ಟು ದಿನ ಇರುತ್ತದೆ?

ಬೆಣ್ಣೆಹಳ್ಳ, ಜೋಹೋರ್ ಬಾರು
ಮುಂದಿನ ಶನಿವಾರ

ಹುಣಸೆ ರಸ ಕುದಿಸಿ ಹಾಕಿದ್ದರೆ ಫ್ರಿಜ್ಜಿನಲ್ಲಿ ಹತ್ತು ದಿನಕ್ಕೆ ಏನೂ ಆಗುವುದಿಲ್ಲ ತಮ್ಮಾ. ಹಸಿ ಬೆಳ್ಳುಳ್ಳಿ ಇದೆ, ಹೊರಗೆ ಇಡಬೇಡ. ಒದ್ದೆ ಚಮಚ ಅದ್ದಬೇಡ. ಉಳಿದಿದ್ದರೆ ಸೌತೆಕಾಯಿಗೆ, ಅನಾನಸ್ ಹೋಳಿಗೆ ಹಚ್ಚಿಕೊಂಡು ತಿನ್ನು. ಅನಾನಸ್‌ಗೆ ಭಾಳ ಚಲೋ ಆಗುತ್ತದೆ.